ಸೂಜಿ ಅಲ್ಲಾಡ್ತಿಲ್ಲ

ಜನವರಿ 9

ಮುದುಕಿ ಇವತ್ತೂ ಕೈಕೊಟ್ಟಳು. ಸೇತುವೆ ದಾಟುತ್ತಿದ್ದ ಹಾಗೆ ಎಂಜಿನ್ ಆಫ್. ಒಳಗೆ ಮಕ್ಕಳ ಗಲಾಟೆ, ಹಿಂದೆ ಹಾರ್ನ್‌ಗಳ ಮೇಳ. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತಂತೆ. ಮುದುಕಿ, ಅಂದರೆ ಅಪ್ಪನ ಈ ಸ್ಕೂಲ್ ವ್ಯಾನ್, ಮನೆಗೆ ಬಂದಾಗ ನಾನಿನ್ನೂ ಯೂನಿಫಾರಂ ಹಾಕುತ್ತಿದ್ದೆ. ಈಗ ನನ್ನ ತಲೆಯಲ್ಲೇ ಬಿಳಿ ಕೂದಲು.

ಬಿಸಿಯಾದರೆ ಸಾಯುತ್ತಾಳೆ, ತಣ್ಣಗಾದರೆ ಎದ್ದು ಕೂರುತ್ತಾಳೆ. ಕ್ರ್ಯಾಂಕ್ ಸೆನ್ಸರ್‌ನದೇ ಕೆಲಸ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ಬೆರಳಿನ ಗಾತ್ರದ ವಸ್ತು. ಅದು ಬಾಯಿ ಮುಚ್ಚಿದರೆ ಎಲ್ಲ ಬಂದ್. ಹೊಸದು ತಂದು ಹಾಕಿದೆ.

ಅಪ್ಪನಿಗೆ ಮುಖ ಊದಿಸಿಕೊಳ್ಳಲು ಇಷ್ಟು ಸಾಕು. ನಡುರಸ್ತೆಯಲ್ಲಿ ಮಾನ ಹೋಯಿತಂತೆ. "ಆ ದಾರೀನ ನಾನು ಕಣ್ಣು ಮುಚ್ಕೊಂಡು ಓಡಿಸ್ತೀನಿ. ಗಾಡಿ ನೆಟ್ಟಗಿದ್ರೆ ಸಾಕು" ಅಂದ. ಪಕ್ಕದ ಸೀಟಿನಿಂದ ಇಳಿದ ಅಮ್ಮ ಸೀದಾ ಒಳಗೆ ಹೋದಳು. ಹೋದ ವರ್ಷದಿಂದ ಅವಳೂ ದಿನಾ ಹೋಗುತ್ತಾಳೆ, ಮಕ್ಕಳನ್ನು ಸುಮ್ಮನಿರಿಸಲಿಕ್ಕಂತೆ. ನನ್ನೊಬ್ಬಳನ್ನೇ ಸುಮ್ಮನಿರಿಸಲು ಆಗದಿದ್ದವಳು.

ಜನವರಿ 13

ಮತ್ತೆ ನಿಂತಿತು. ಹೊಸ ಸೆನ್ಸರ್ ತೆಗೆದು ಇನ್ನೊಂದು ಹಾಕಿದೆ. ಅದರದೂ ಅದೇ ಹಣೆಬರಹ. ಅಂದರೆ ಪಾಪ, ಸೆನ್ಸರ್‌ನ ತಪ್ಪಲ್ಲ. ವೈರ್ ಎಲ್ಲೋ ಒಳಗೇ ತುಂಡಾಗಿದೆ — ಮೇಲೆ ಸಿಪ್ಪೆ ಚೆನ್ನಾಗಿದೆ, ಒಳಗೆ ತಾಮ್ರ ತುಂಡು. ಎಂಜಿನ್ ಬಿಸಿಗೆ ತುದಿಗಳು ಬಿಡುತ್ತವೆ, ತಣ್ಣಗಾದರೆ ಮುಟ್ಟುತ್ತವೆ. ಊರಿನವರ ಗಾಡಿಗೆಲ್ಲ ನಾನು ವೈರಿಂಗ್ ಮಾಡಿಕೊಡುವುದು, ನಮ್ಮ ಮನೆ ಗಾಡಿ ಮಾತ್ರ ಸೇತುವೆ ಮೇಲೆ. ಸೆನ್ಸರ್ ಕೊಟ್ಟ ಅಂಗಡಿಯವನು ನಕ್ಕ. ನಗಲಿ.

ಜನವರಿ 18, ರಾತ್ರಿ

ಅಲ್ಲಾಡಿಸಿ ನೋಡುವ ಕೆಲಸ. ಇಬ್ಬರಿದ್ದರೆ ಸಲೀಸು. ನಾನು ಕೆಳಗೆ ಮಲಗಿ ವೈರನ್ನು ಬೆರಳಗಲ ಬೆರಳಗಲ ಬಗ್ಗಿಸುತ್ತ ಹೋಗುವುದು, ಅಪ್ಪ ಒಳಗೆ ಕೂತು ಆ ವೈರಿಗೆ ಜೋಡಿಸಿದ ಮೀಟರ್ ನೋಡುವುದು. ಸೂಜಿ ಎಡಕ್ಕೆ ಬಿದ್ದರೆ ಕೂಗಬೇಕು. ಅಲ್ಲೇ ತುಂಡು. ಚಿಕ್ಕವಳಿದ್ದಾಗ ಸೀಟಿನಲ್ಲಿ ನಾನು, ಕೆಳಗೆ ಅಪ್ಪ. ಈ ವಿದ್ಯೆ ಅವನಿಂದಲೇ ಕಲಿತದ್ದು.

ನನ್ನ ಡಿಜಿಟಲ್ ಮೀಟರ್ ಕೊಟ್ಟರೆ ಬೇಡ ಅಂದ. ಅವನದೇ ಹಳೇ ಸೂಜಿ ಮೀಟರ್ ಬೇಕು. ನಂಬರ್ ಬದಲಾಗುವಷ್ಟರಲ್ಲಿ ಫಾಲ್ಟ್ ಬಂದು ಹೋಗಿರುತ್ತದೆ, ಸೂಜಿಯಾದರೆ ಕಣ್ಣಿಗೆ ಬೀಳುತ್ತದೆ ಅಂತ. ಅದು ನಿಜವೇ. ವಾದ ಮಾಡಲಿಲ್ಲ.

ಸಂಜೆವರೆಗೂ ಬಗ್ಗಿಸಿದೆ. "ಅಲ್ಲಾಡ್ತಿಲ್ಲ." "ಅಲ್ಲಾಡ್ತಿಲ್ಲ, ನಡಿ ಮುಂದೆ." ಕತ್ತು ಬಿದ್ದುಹೋಯಿತು. ತಲೆ ಕೆಟ್ಟು ಮೊಸರು ಗಡಿಗೆ.

ಜನವರಿ 25

ವೈರ್ ಪೂರ್ತಿ ಎರಡು ಸಲ ಬಗ್ಗಿಸಿ ಆಯಿತು. ಎಂಜಿನ್ ಕಾಯಿಸಿ, ಕೈ ಸುಟ್ಟುಕೊಂಡು ಕೂಡ. ಸೂಜಿ ಅಲ್ಲಾಡಲೇ ಇಲ್ಲವಂತೆ. ಹಾಗಾದರೆ ವೈರೂ ಸರಿ, ಸೆನ್ಸರೂ ಸರಿ, ಮತ್ತೆ ದೆವ್ವ ಹಿಡಿದಿದೆಯೇ? ಗಾಡಿಯ ಕಂಪ್ಯೂಟರನ್ನೂ ಬಿಚ್ಚಿದೆ. ಸುಮ್ಮನೆ ಬಿಚ್ಚಿದ್ದು. ಅಮ್ಮನ ಮೇಲೆ ರೇಗಿದೆ. ಅವಳಿಗೇಕೆ ಬೈದೆನೋ.

ಫೆಬ್ರವರಿ 1

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಮೂರನೇ ಸಲ ಶುರು ಮಾಡಿದೆ. ಬಗ್ಗಿಸುವಾಗ ಮೊಣಕೈ ತಾಗಿ ಸೆನ್ಸರ್‌ನ ಪ್ಲಗ್ಗೇ ಕಿತ್ತುಬಂತು. ಇನ್ನೇನು, ಸೂಜಿ ಎಡಕ್ಕೆ ಬಿದ್ದು ಸತ್ತಿರಬೇಕು. ಕೇಳಿದೆ. ಅಪ್ಪ ಅಂದ: "ಅಲ್ಲಾಡ್ತಿಲ್ಲ. ಗಟ್ಟಿಯಾಗಿ ನಿಂತಿದೆ."

ಹೊರಗೆ ತೆವಳಿ ಬಂದೆ. ಎಡಗಡೆ ಬಾಗಿಲಿಂದ ಕೈ ಹಾಕಿ ಡ್ಯಾಶ್‌ಬೋರ್ಡ್ ಮೇಲಿದ್ದ ಮೀಟರನ್ನೇ ಎತ್ತಿಕೊಂಡೆ. ಸದ್ದಾಗದ ಹಾಗೆ. ಡ್ಯಾಶ್‌ಬೋರ್ಡ್ ಖಾಲಿ. ಅಪ್ಪ ಆ ಖಾಲಿ ಜಾಗವನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತ ಕೂತಿದ್ದ.

"ಈಗ?" ಅಂದೆ.

"ಹೇಳಿದ್ನಲ್ಲ ಮಗಳೇ. ಅಲ್ಲಾಡ್ತಿಲ್ಲ."

ಮೀಟರ್ ನನ್ನ ಕೈಯಲ್ಲಿತ್ತು. ಹೋಗಿ ಬಚ್ಚಲಲ್ಲಿ ಕೂತು ಅತ್ತೆ.

ಅದೇ ದಿನ, ಸಂಜೆ

ಅಮ್ಮನನ್ನು ಹಿಡಿದು ಕೇಳಿದೆ. ಅವಳಿಗೆ ಮೊದಲೇ ಗೊತ್ತಂತೆ. ಅಪ್ಪನ ಕಣ್ಣಿನ ನಡುವೆ ಕಪ್ಪು ಕೂತಿದೆ, ಅಂಚಿನಲ್ಲಿ ಮಾತ್ರ ಮಸುಕಾಗಿ ಕಾಣುತ್ತದೆ, ವಾಸಿಯಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೇ ಅವಳು ಪಕ್ಕದ ಸೀಟಿಗೆ ಬಂದದ್ದು. ಎಡಕ್ಕೆ ಸೈಕಲ್. ಮುಂದೆ ಕೆಂಪು ಲೈಟು. ನಿಧಾನ, ಮಗು ದಾಟುತ್ತಿದೆ. ಒಂದು ವರ್ಷ ಹೀಗೆ ಅವಳು ಹೇಳಿ ಹೇಳಿ, ಅವನು ಓಡಿಸಿದ್ದಾನೆ. ಮಕ್ಕಳ ನೆಪ ಹೇಳಿ ನನ್ನ ಕಣ್ಣಿಗೂ ಮಣ್ಣೆರಚಿದರಲ್ಲ, ಇಬ್ಬರೂ ಸೇರಿ!

"ಸ್ಕೂಲಿನ ಪರೀಕ್ಷೆ ಮುಗಿಯೋವರೆಗೆ ಬಿಡು. ಸ್ಟಿಯರಿಂಗ್ ಕಿತ್ಕೊಂಡ್ರೆ ಅವರು ಉಳಿಯಲ್ಲ ಕಣೇ" ಅಂದಳು.

ಆ ಮಕ್ಕಳು ಉಳಿಯಬೇಡವೇ? ಕೇಳಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಫೆಬ್ರವರಿ 2

ತುಂಡು ಸಿಕ್ಕಿತು. ಬೆಳಕು ಹರಿಯುವ ಮೊದಲೇ ಎದ್ದು, ಡಿಜಿಟಲ್ ಮೀಟರಿನ ಬೀಪ್ ಹಾಕಿ ಒಬ್ಬಳೇ ನೋಡಿದೆ. ಒಂದು ಟೀ ಕುಡಿಯುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. ಬ್ರಾಕೆಟ್ ಕೆಳಗೆ ವೈರ್ ಮಡಚುವ ಕಡೆ. ಮೊದಲ ದಿನವೇ ಅಲ್ಲಿ ಬಗ್ಗಿಸಿದ್ದೆ. ಅವತ್ತೂ ಸೂಜಿ ಬಿದ್ದೇ ಇರಬೇಕು.

ಅಭ್ಯಾಸಬಲ — ಜೋಡಿಸಿಬಿಟ್ಟೆ. ಎಂಜಿನ್ ಕಾಯಿಸಿದೆ. ಹೂವಿನ ಹಾಗೆ ಓಡಿತು. ಅಪ್ಪ ಶಬ್ದ ಕೇಳಿಯೇ ಓಡಿ ಬಂದು ಬಾನೆಟ್ ಮೇಲೆ ಕೈಯಿಟ್ಟು ನಕ್ಕ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು.

ಅವನು ಒಳಗೆ ಹೋದ ಮೇಲೆ ಕಟರ್ ತೆಗೆದುಕೊಂಡು ಅದೇ ವೈರ್ ಕತ್ತರಿಸಿದೆ. ತುದಿಗಳನ್ನು ದೂರ ಮಾಡಿ, ಮೇಲೆ ಟೇಪು ಸುತ್ತಿ, ಕೊಳೆ ಒರೆಸಿದೆ. ಈಗ ನಾನೇ ಫಾಲ್ಟು.

ಫೆಬ್ರವರಿ 5

ಮುದುಕಿ ಶೆಡ್ಡಿನಲ್ಲಿ. ಮಕ್ಕಳು ಬೇರೆ ವ್ಯಾನಿನಲ್ಲಿ. ಅಪ್ಪ ಊಟ ಬಿಟ್ಟಿದ್ದಾನೆ. ಕೇಳಿದಾಗೆಲ್ಲ ಮತ್ತೆ ಕೆಟ್ಟಿದೆ, ಹುಡುಕುತ್ತಿದ್ದೇನೆ ಅನ್ನುತ್ತೇನೆ. ಸ್ಕೂಲಿಗೆ ಫೋನ್ ಮಾಡಿ ಎಲ್ಲ ಹೇಳಿಬಿಡಬೇಕು. ನಂಬರ್ ಒತ್ತಿ ಕಟ್ ಮಾಡಿದೆ. ಅಪ್ಪನ ಮುಖಕ್ಕೆ ಮೊದಲು ಹೇಳುತ್ತೇನೆ, ಆಮೇಲೆ ಅವರಿಗೆ. ಭಾನುವಾರ. ಖಂಡಿತ.

ಅಮ್ಮನಿಗೆ ಜ್ವರ.

ಫೆಬ್ರವರಿ 7, ಬೆಳಿಗ್ಗೆ

ಅಮ್ಮನ ಮಾತ್ರೆ ತರಲು ಬೆಳಗಾಗುತ್ತಲೇ ಪೇಟೆಗೆ ಹೋಗಿದ್ದೆ, ತಡವಾಯಿತು. ಬಂದು ನೋಡಿದರೆ ಶೆಡ್ ಖಾಲಿ.

ಬೆಂಚಿನ ಮೇಲೆ ನನ್ನ ಟೇಪು. ಹರಿಯದ ಹಾಗೆ ಬಿಡಿಸಿ ಇಟ್ಟಿದ್ದಾನೆ. ಪಕ್ಕದಲ್ಲಿ ಸುಲಿದ ವೈರ್ ಸಿಪ್ಪೆ. ರಾತ್ರಿಯೇ ಬೆರಳಿಂದ ತಡವಿ ತಡವಿ ಹುಡುಕಿ ಜೋಡಿಸಿದ್ದಾನೆ. ಮೀಟರ್ ಬೇಕಾಗಿರಲಿಲ್ಲ ಅವನಿಗೆ. ಕತ್ತರಿಸಿದ್ದು ಯಾರ ಕೈ ಎಂದೂ ಗೊತ್ತಾಗಿರುತ್ತದೆ.

ಫೋನ್ ಮನೆಯಲ್ಲೇ ಬಿಟ್ಟಿದ್ದಾನೆ. ಸ್ಕೂಲಿಗೆ ಹೇಳಿದೆ. ಎಲ್ಲ, ಒಂದೇ ಉಸಿರಿಗೆ. ಬೇರೆ ವ್ಯಾನ್ ಬರುವ ಮೊದಲೇ ಅಪ್ಪ ಮಕ್ಕಳನ್ನು ಹತ್ತಿಸಿಕೊಂಡನಂತೆ; ಆಗಲೇ ಬಂದಿಳಿದಿದ್ದಾರಂತೆ, ಎಲ್ಲರೂ. ನಮ್ಮ ವ್ಯಾನ್ ಹೊರಟುಹೋಗಿದೆಯಂತೆ. ಹೋದ ಜೀವ ಅರ್ಧ ಬಂತು. ಅವನು ಯಾವ ರಸ್ತೆಯಲ್ಲಿದ್ದಾನೋ. ಕಾಯುವುದಕ್ಕೆ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಂದ.

ಎಂಜಿನ್ ಒಂದು ಸಲವೂ ತೊದಲಲಿಲ್ಲ. ಇಳಿದು ಬಂದು ಅಮ್ಮನ ಮಂಚದ ಹತ್ತಿರ ನಿಂತ. "ಒಬ್ಬನೇ ಹೋಗಿ ಬಂದೆ. ನೋಡಿದ್ರಾ?" ಅಂದ. ನನಗೆ ಬೈಯಲಿಲ್ಲ. ತಲೆ ಸವರಿದ. ಸಿಟ್ಟು, ಅಳು, ಎರಡೂ ಒಟ್ಟಿಗೆ ಬಂದವು. ಹೊರಗೆ ಹೋದೆ.

ವ್ಯಾನಿನ ಎಡಗಡೆ ಕನ್ನಡಿ ಇಲ್ಲ. ಬುಡದಿಂದ ಮುರಿದಿದೆ. ಬಾಗಿಲಿನ ಮೇಲೆ ಉದ್ದಕ್ಕೆ ಗೀರು, ಗೀರಿನಲ್ಲಿ ನೀಲಿ ಬಣ್ಣ. ನಮ್ಮ ವ್ಯಾನ್ ಬಿಳಿ. ಒಳಗೆ ಬಂದು ಕನ್ನಡಿ ಎಲ್ಲಿ ಅಂತ ಕೇಳಿದೆ.

"ಯಾವ ಕನ್ನಡಿ?"

ಬೈಕ್ ಕೀ ಎಲ್ಲಿಟ್ಟೆ? ಆ ದಾರಿಯುದ್ದಕ್ಕೂ ಹೋಗಿ ನೋಡಬೇಕು. ನೀಲಿ ಸೈಕಲ್ಲೋ, ನೀಲಿ ಸ್ಕೂಟರೋ… ಅಮ್ಮ ಎದ್ದು ಕಿಟಕಿಗೆ ಬಂದಿದ್ದಾಳೆ. ಗೇಟಿನಲ್ಲಿ ಯಾರೋ ನಿಂತಿದ್ದಾರಂತೆ. ಕೈಯಲ್ಲಿ ನಮ್ಮ ಕನ್ನಡಿ. ಅಂಗಿ ಎಲ್ಲ ರಕ್ತ.