ಅಂಗೈ ಮೇಲಿನ ಕಾಯಿ

ನಿಶ್ಚಿತಾ,

ಹಿರೇನಲ್ಲೂರಿನ ಕಾಂತರಾಜು ಬೋರ್ ಕೊರೆಸ್ತಾನಂತೆ, ನೀರಿನ ಪಾಯಿಂಟ್ ನೋಡಿಕೊಡಕ್ಕೆ ಹೋಗ್ತಿದ್ದೀನಿ. ರೊಟ್ಟಿ ಮುಚ್ಚಿಟ್ಟಿದೆ, ತಿನ್ನು. ಬಿಸಿಲು ಏರಿದ ಮೇಲೆ ಕರೂನ ನೆರಳಿಗೆ ಕಟ್ಟು, ನಿನ್ನೆ ನೀನು ಮರೆತಿದ್ದೆ.

ನಿನ್ನೆ ಊಟಕ್ಕೆ ಕೂತಾಗ ನಿಮ್ಮಮ್ಮ "ಫಿಸಿಕ್ಸ್ ಓದಿದ್ದಾಯ್ತು, ಮುಂದೇನೇ?" ಅಂದ್ಲು. ನೀನು ಟೀಚರ್ ಕೆಲಸ, ಹವಾಮಾನ ಇಲಾಖೆ, ಕ್ಯಾನ್ಸರ್ ಆಸ್ಪತ್ರೆ ಮೆಷಿನ್ನು ಅಂತ ಬೆರಳು ಮಡಿಚಿ ಎಣಿಸಿದೆ. ಅಂತರ್ಜಲ ಹುಡುಕೋ ಓದೂ ಇದೆ, ಅದಕ್ಕೆ ಸೀಟೂ ಸಿಕ್ಕಿದೆ ಅಂತ ನನ್ನೆದುರು ಬಾಯಿ ಬಿಡಲಿಲ್ಲ. ಆಮೇಲೆ ಒಲೆ ಹತ್ರ "ಸೀಟೇನೋ ಸಿಕ್ಕಿದೆ, ಆದ್ರೆ ನಾನು ಅದನ್ನ ಓದಿದ್ರೆ ತಾತನ ಕಾಯಿ ನೋಡಿ ಜನ ನಗ್ತಾರೆ ಕಣಮ್ಮಾ, ನಾನು ಅದಕ್ಕೆ ಹೋಗಲ್ಲ" ಅಂದಿದ್ದು ಕೇಳಿಸ್ತು. ನನಗೆ ಕಣ್ಣು ಮಂಜು, ಕಿವಿ ಚೆನ್ನಾಗೇ ಇದೆ.

ಲೇ, ನೀರಿರೋ ಕಡೆ ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಯಾಕೆ ಎದ್ದು ನಿಲ್ತದೆ ಅಂತ ನನಗೇ ಗೊತ್ತಿಲ್ಲ. ನಮ್ಮಪ್ಪನ್ನ ಕೇಳಿದ್ದಕ್ಕೆ ತಲೆಗೆ ಮೊಟಕಿದ್ದ. ನೀನಾದ್ರೂ ಹೇಳ್ತೀಯ ಅಂತ ಕಾಯ್ತಿದ್ರೆ, ನೀನು ನನ್ನ ಮರ್ಯಾದೆ ಕಾಯಕ್ಕೆ ಕೂತಿದ್ದೀಯ!

ಆ ಸೀಟಿಗೇ ಸೇರು. ಜುಟ್ಟಿರೋ ಕಾಯಿ ಒಂದು ಗೂಡಲ್ಲಿ ಇಟ್ಟಿದ್ದೀನಿ, ನಿಮ್ಮಮ್ಮ ಚಟ್ನಿಗೆ ಒಡೆಯದ ಹಾಗೆ ನೋಡ್ಕೊ. ಸಂಜೆ ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಎಲ್ಲಿದ್ದೀನಿ ಅಂತ ಗೊತ್ತಾಗದ ಹಾಗೆ ತಿರುಗಿಸಿ, ನಮ್ಮ ಬೋರಿನ ಸುತ್ತ ನಡೆಸು. ಕಾಯಿ ಎದ್ರೆ, ಯಾಕೆ ಎದ್ದಿತು ಅಂತ ಓದ್ಕೊಂಡು ಬಂದು ಹೇಳು. ಏಳದಿದ್ರೆ, ಇಷ್ಟು ವರ್ಷ ಅದನ್ನ ಎಬ್ಬಿಸ್ತಿದ್ದೋರು ಯಾರು ಅಂತ ಇಬ್ರೂ ಕೂತು ಹುಡುಕೋಣ.

ತಾತ