ಎರಡು ಮೈಲಿ ಕಡಿಮೆ

ಸಾನ್ ಪೆದ್ರೊ
ಫೆಬ್ರವರಿ ಹತ್ತು, ಮಂಗಳವಾರ

ನನ್ನ ಪ್ರೀತಿಯ ಕೊಮಾದ್ರೆ ನುರಿಸ್,

ಆಲ್ತಾಗ್ರಾಸಿಯಾ ಮಾತೆ ನಿನ್ನ ಮನೆಯನ್ನು ಕಾಯಲಿ. ಮೊದಲು ಇದೊಂದನ್ನು ಹೇಳಿಬಿಡುತ್ತೇನೆ, ನೀನು ನಿರಾಳವಾಗಿ ಉಸಿರು ಬಿಡು. ನಿನ್ನ ಮಗ ವಿಲ್ಕಿನ್ ನನ್ನ ಮನೆಯಲ್ಲಿದ್ದಾನೆ. ಭಾನುವಾರ ಪೂಜೆ ಮುಗಿಸಿ ಬಂದಾಗ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಊಟ ಮಾಡುತ್ತಿದ್ದಾನೆ, ಜ್ವರ ಗಿರ ಏನಿಲ್ಲ. ಬೆನ್ನ ಮೇಲಿನ ಬೆಲ್ಟಿನ ಗಾಯಕ್ಕೆ ಮುಲಾಮು ಹಚ್ಚಿದ್ದೇನೆ.

ನಿನಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನಿನ್ನ ಗಂಡ ಫೆರ್ಮಿನ್ ಎತ್ತಿದ. "ಈ ಮನೇಲಿ ಆ ಹುಡುಗನ ಮಾತು ಎತ್ತಬೇಡಿ, ಕೊಮಾದ್ರೆ" ಎಂದು ಇಟ್ಟುಬಿಟ್ಟ. ಅದಕ್ಕೇ ಈ ಕಾಗದ. ನಿಮ್ಮೂರು ಎಲ್ ಸೆಯ್ಬೊಗೆ ಬರುವ ಬಸ್ಸಿನ ಡ್ರೈವರ್ ಚೆಪೆಯ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಗಿಣ್ಣು, ನನ್ನ ಬಾಳೆಕಾಯಿ ಎಲ್ಲ ಹೊತ್ತು ತಿರುಗಿದವನು, ಇದನ್ನೂ ತಲುಪಿಸುತ್ತಾನೆ. ನೀನು ಮೊದಲು ಓದು, ಆಮೇಲೆ ಅವನಿಗೆ ಓದಿ ಹೇಳು. ಅವನು ಎದ್ದು ಹೋದರೆ ಹಿಂದೆ ಹೋಗಿ ಓದು.

ನುರಿಸ್, ನಿನ್ನ ಮಗ ಕದ್ದಿಲ್ಲ. ಆ ಔಷಧಿಯನ್ನು ಅವನು ತಾನಾಗಿ ತೆಗೆದುಕೊಂಡದ್ದೂ ಅಲ್ಲ. ಚುಚ್ಚಿದವಳು ನಾನು.

ಬರೆದಾಯಿತು. ಇನ್ನು ಮೊದಲಿಂದ ಹೇಳುತ್ತೇನೆ.

ಹುಡುಗನಿಗೆ ಹದಿನಾಲ್ಕಾದಾಗ ಅವನನ್ನು ರಾದಾಮೆಸ್‌ನ ಹತ್ತಿರ ಬಿಡು ಎಂದವಳೂ ನಾನೇ. ಎಡಗೈಯಲ್ಲಿ ಅಷ್ಟು ಜೋರಾಗಿ ಚೆಂಡು ಎಸೆಯುವ ಹುಡುಗ ಬೆಟ್ಟದಲ್ಲಿ ದನದ ಹಿಂದೆ ಸವೆದು ಹೋಗಬಾರದು, ರಾದಾಮೆಸ್ ಹುಡುಗರನ್ನು ತಯಾರು ಮಾಡಿ ಅಮೆರಿಕದ ಬೇಸ್‌ಬಾಲ್ ತಂಡಗಳ ಒಪ್ಪಂದಕ್ಕೆ ಸಹಿ ಮಾಡಿಸುತ್ತಾನೆ, ಹೇಗೂ ಅಲ್ಲಿ ಅಡಿಗೆ ಮಾಡುವವಳು ನಾನು, ನನ್ನ ಕಣ್ಣ ಮುಂದೆಯೇ ಇರುತ್ತಾನೆ ಎಂದೆ. ನೀನು ಅತ್ತೆ. ಫೆರ್ಮಿನ್ ಟೋಪಿ ತೆಗೆದು, "ಜ್ಞಾನಸ್ನಾನದ ದಿನ ಇವನನ್ನ ನೀವೇ ಎತ್ತಿ ಹಿಡಿದು ನಮ್ಗೆ ಕೊಮಾದ್ರೆ ಆದ್ರಿ, ಈಗ್ಲೂ ನಿಮ್ಮ ಕೈಗೇ ಕೊಡ್ತಿದೀನಿ" ಎಂದ. ಆ ಮಾತು ದಿನಾ ನೆನಪಾಗುತ್ತದೆ.

ಎರಡು ವರ್ಷ ಚೆನ್ನಾಗಿಯೇ ಇದ್ದ. ಏಳು ಹುಡುಗರು ಒಂದೇ ಕೋಣೆಯಲ್ಲಿ. "ಏ ದನಗಾಹಿ, ಚೆಂಡು ಎಸೀತೀಯೋ ಹಾಲು ಕರೀತೀಯೋ?" ಎಂದು ಅವರು ರೇಗಿಸಿದರೆ, "ನಿಂಗೆ ಎರಡೂ ಬರಲ್ವಲ್ಲ, ಕೂತ್ಕೋ" ಎನ್ನುತ್ತಿದ್ದ. ಹಿಸುಕಿದ ಬಾಳೆಕಾಯಿಯ ಮೇಲಿನ ಈರುಳ್ಳಿಯನ್ನೆಲ್ಲ ಆರಿಸಿ ಪಕ್ಕದವನ ತಟ್ಟೆಗೆ ಹಾಕುತ್ತಿದ್ದ. ಒಂದು ತಂಡದವರು ಬಾಯಿಮಾತು ಕೊಟ್ಟೂ ಆಗಿತ್ತು. ಹದಿನಾರು ತುಂಬಿದ ಮೇಲೆ ಜನವರಿ ಹದಿನೈದಕ್ಕೆ ಸಹಿ ಎಂದಿದ್ದರು.

ಅಕ್ಟೋಬರಿನಲ್ಲಿ ಆ ತಂಡದ ಮನುಷ್ಯ ವೇಗ ಅಳೆಯುವ ಯಂತ್ರ ಹಿಡಿದು ಮತ್ತೆ ಬಂದ. ವಿಲ್ಕಿನ್ ಎಷ್ಟು ಸಲ ಎಸೆದರೂ ಗಂಟೆಗೆ ಎಂಬತ್ತೆಂಟು ಮೈಲಿ. "ತೊಂಬತ್ತು ಬರ್ಲಿ. ಇಲ್ಲಾಂದ್ರೆ ನಮ್ಮ ಹತ್ರ ಬೇರೆ ಹುಡುಗ್ರಿದಾರೆ" ಎಂದು ಹೋದ. ಆವತ್ತು ನಿನ್ನ ಮಗ ಊಟಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ರಾದಾಮೆಸ್ ಅಡಿಗೆಮನೆಗೆ ಬಂದ. "ಎರಡೇ ಎರಡು ಮೈಲಿ, ಬಾಲ್ಬಿನಾ. ಅದಕ್ಕೋಸ್ಕರ ಈ ಹುಡುಗ ವಾಪಸ್ ಹೋಗಿ ಸಗಣಿ ಬಾಚ್ಬೇಕಾ?" ಎಂದ. ಕಾಗದದಲ್ಲಿ ಸುತ್ತಿದ ಸಣ್ಣ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟ. "ವಿಟಮಿನ್. ನಿಮ್ಮ ಕೈ ಹಗುರ. ನೀವಾದ್ರೆ ಅವ್ನು ಹೆದರಲ್ಲ."

ನನ್ನ ಕೈ ಹಗುರ ಎನ್ನುವುದು ನಿನಗೆ ಗೊತ್ತಿದ್ದದ್ದೇ. ಸಕ್ಕರೆ ಕಾರ್ಖಾನೆಯ ಆಸ್ಪತ್ರೆಯಲ್ಲಿ ಸಿಸ್ಟರ್ ಎನ್ರಿಕೆತಾ ನನಗೆ ಸೂಜಿ ಹಿಡಿಯಲು ಕಲಿಸಿ ಮೂವತ್ತು ವರ್ಷವಾಯಿತು. ಬೀದಿಯಲ್ಲಿ ಯಾರಿಗೆ ಸೊಂಟ ಹಿಡಿದರೂ ಡಾಕ್ಟರು ಬರೆದುಕೊಟ್ಟ ಔಷಧಿ ತಂದು ನನ್ನ ಕುರ್ಚಿಯಲ್ಲೇ ಕೂರುತ್ತಾರೆ. ಯಾರಿಗೂ ಕೀವಾಗಿಲ್ಲ, ಯಾರಿಗೂ ಬಾವು ಬಂದಿಲ್ಲ.

ಬಾಟಲಿಯ ಮೇಲೆ ಚೀಟಿ ಇರಲಿಲ್ಲ, ನುರಿಸ್. ನೀರು ಬಿದ್ದು ಕಳಚಿರಬೇಕು ಎಂದುಕೊಂಡೆ. ವಿಟಮಿನ್ ಎಂದನಲ್ಲ, ವಿಟಮಿನ್ ಎಂದು ನಂಬಿದೆ.

ಪ್ರತಿ ಶುಕ್ರವಾರ, ಒಂಬತ್ತು ಶುಕ್ರವಾರ. ಬಂದ ಕೂಡಲೇ "ಆಶೀರ್ವಾದ, ಮದ್ರಿನಾ" ಎಂದು ಜ್ಞಾನಸ್ನಾನದ ತಾಯಿಯ ಆಶೀರ್ವಾದ ಕೇಳುತ್ತಿದ್ದ. ನೀನು ಕಲಿಸಿದ ಮರ್ಯಾದೆ ಒಂದು ದಿನವೂ ಬಿಡಲಿಲ್ಲ. "ದೇವ್ರು ನಿನ್ನ ಕಾಯ್ಲಿ, ಮಗನೇ" ಎಂದು ಹೇಳಿ ಚುಚ್ಚುತ್ತಿದ್ದೆ. "ಏನಿದು?" ಎಂದು ಒಂದೇ ಒಂದು ಸಲ ಕೇಳಿದ. ವಿಟಮಿನ್ ಎಂದೆ. ಮತ್ತೆ ಕೇಳಲಿಲ್ಲ. ನಾನು ಹೇಳಿದ ಮೇಲೆ ಅವನು ಯಾಕೆ ಕೇಳುತ್ತಾನೆ?

ಡಿಸೆಂಬರಿಗೆ ತೊಂಬತ್ತೊಂದು ಬಂತು. ಅಂಗಿಯ ಭುಜ ಬಿಗಿಯಾಯಿತು, ಮುಖದ ತುಂಬ ಗುಳ್ಳೆ. ವಯಸ್ಸು ಎಂದುಕೊಂಡೆ. ಮಾತೆಗೆ ಮೇಣದಬತ್ತಿ ಹಚ್ಚಿದೆ. ನನ್ನ ಹುಡುಗ, ನನ್ನ ಹುಡುಗ ಎಂದು ಬೀದಿಯೆಲ್ಲ ಹೇಳಿಕೊಂಡು ಬಂದೆ.

ಆಮೇಲಿನದು ನೀನೇ ನೋಡಿದ್ದೀಯ. ಸಹಿಯ ದಿನ ನೀನು ಹಳದಿ ಉಡುಪು ಹಾಕಿದ್ದೆ, ಫೆರ್ಮಿನ್ ಹೊಸ ಬೂಟು ಕಚ್ಚುತ್ತದೆಂದು ಒಂದೇ ಕಾಲ ಮೇಲೆ ನಿಂತಿದ್ದ, ಹುಡುಗ ತಂಡದ ಟೋಪಿ ಇಟ್ಟುಕೊಂಡು ನಮ್ಮಿಬ್ಬರ ಮಧ್ಯೆ ಫೋಟೋಗೆ ನಿಂತ. ಅದೇ ಬೆಳಿಗ್ಗೆ ಮೂತ್ರ ಪರೀಕ್ಷೆಗೆ ತೆಗೆದುಕೊಂಡಿದ್ದರು. ಎರಡು ವಾರಕ್ಕೆ ಫಲಿತಾಂಶ ಬಂತು. ಸಹಿ ರದ್ದು.

ಔಷಧಿಯ ಹೆಸರು ಕೇಳಿದ ಕೂಡಲೇ ಫೆರ್ಮಿನ್‌ಗೆ ಅದು ಸೊರಗಿದ ಹೋರಿಗೆ ಕೊಡುವ ಔಷಧಿ ಎಂದು ಗೊತ್ತಾಯಿತಂತೆ. ನಿಮ್ಮ ಅಡಿಗೆಮನೆಯ ಕಪಾಟಿನಲ್ಲೂ ಇದೆಯಂತೆ. "ಕ್ರಿಸ್ಮಸ್‌ಗೆ ಬಂದಾಗ ನನ್ನ ಕಪಾಟಿಂದ ಕದ್ದೆ, ಕಳ್ಳ" ಎಂದನಂತೆ. ಹುಡುಗ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅದಕ್ಕೆ ಬೆಲ್ಟು, ಅದಕ್ಕೆ ಮನೆಯಿಂದ ಹೊರಗೆ.

ಭಾನುವಾರ ಅವನನ್ನು ಕೂರಿಸಿ, "ಯಾಕೋ ನನ್ನ ಹೆಸರು ಹೇಳ್ಲಿಲ್ಲ?" ಎಂದು ಕೇಳಿದೆ. "ಹೇಳಿದ್ರೆ ನಿಮ್ಮನ್ನ ಜೈಲಿಗೆ ಹಾಕ್ತಾರೆ ಅಂದ್ರು ರಾದಾಮೆಸ್. ಜೈಲಲ್ಲಿ ಕೊಡೋ ಕಾಫಿ ನಿಮ್ಗೆ ಇಳಿಯಲ್ಲ, ಮದ್ರಿನಾ" ಎಂದ. ಇಬ್ಬರಿಗೂ ನಗು ಬಂತು. ನಕ್ಕು ಮುಗಿಸುವಷ್ಟರಲ್ಲಿ ಅವನು ಗೋಡೆಯ ಕಡೆ ತಿರುಗಿದ್ದ.

ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾನೆ, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ. ಮೈದಾನದ ಕಡೆ ಹೋಗುವುದಿಲ್ಲ. ರಾದಾಮೆಸ್‌ನ ಗೇಟು ಅವನಿಗೆ ಮುಚ್ಚಿದೆ, ನನಗೂ ಮುಚ್ಚಿದೆ. ಅವನ ಹಾಸಿಗೆಯಲ್ಲಿ ಆಗಲೇ ಬಾನಿ ಊರಿನ ಕಡೆಯ ಹದಿಮೂರರ ಹುಡುಗನೊಬ್ಬ ಮಲಗುತ್ತಿದ್ದಾನೆ.

ನಿನ್ನೆ ನಾನೇ ತಂಡದ ಕಚೇರಿಗೆ ಹೋದೆ. ಚುಚ್ಚಿದ್ದು ನಾನು ಎಂದು ಹೇಳಿದೆ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ, ಎಲ್ಲ ಬರೆದುಕೊಂಡ. "ಬಾಟಲಿ ಮೇಲೆ ಏನಾದ್ರೂ ಬರೆದಿತ್ತಾ, ಅಮ್ಮ? ಯಾವ ಅಂಗಡಿದು, ಯಾವತ್ತಿಂದು ಅಂತ? ಅದೊಂದಿದ್ರೆ ಹುಡುಗನ ಪರವಾಗಿ ಮಾತಾಡ್ಬಹುದಿತ್ತು. ಇಲ್ಲಾಂದ್ರೆ ನಿಮ್ಮ ಮಾತಿಗೆ ಎದುರು ರಾದಾಮೆಸ್ ಮಾತು, ಅಷ್ಟೇ" ಎಂದ. ಏನೂ ಬರೆದಿರಲಿಲ್ಲ ಎಂದೆ. ಕೆಳಗೆ ರುಜು ಹಾಕಿಸಿಕೊಂಡ. ಮತ್ತೆ ಯಾವ ತಂಡವಾದರೂ ಇವನನ್ನು ನೋಡುತ್ತದೆಯೇ ಎಂದು ಕೇಳಿದೆ. "ಇದೆಲ್ಲ ಮುಗಿಯೋ ಹೊತ್ತಿಗೆ ಹದಿನೇಳಾಗುತ್ತೆ, ಆಮೇಲೆ ಕಷ್ಟ. ದಿನಾ ಹೊಸಬ್ರು ಬರ್ತಾರೆ" ಎಂದ.

ಫೆರ್ಮಿನ್‌ಗೆ ಹೇಳು, ಸಿಟ್ಟೆಲ್ಲ ನನ್ನ ಮೇಲಿರಲಿ. ಹುಡುಗನನ್ನು ಮನೆಗೆ ಕರೆಸಿಕೊಳ್ಳಿ. ಅರಿಯದೆ ಮಾಡಿದೆ. ದೇವರು ಕ್ಷಮಿಸುತ್ತಾನೆ, ನೀನೂ ಒಂದು ದಿನ ಕ್ಷಮಿಸು.

ಇಂತಿ, ನಿನ್ನ ಮಗನನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದ,
ಬಾಲ್ಬಿನಾ

ಮತ್ತೆ ಬರೆದದ್ದು, ಬುಧವಾರ ಬೆಳಿಗ್ಗೆ. ಕಾಗದ ಮಡಚಿ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಬೆಳಗಿನ ಪೂಜೆಗೆ ಹೋಗಿದ್ದೆ. ಪಾದ್ರಿಗಳು ಪ್ರಸಾದ ಕೊಡಲು ಕೈ ಚಾಚಿದಾಗ ನನಗೆ ಬಾಯಿ ತೆರೆಯಲಾಗಲಿಲ್ಲ. ಸಾಲಿನಿಂದ ಹೊರಗೆ ಬಂದೆ.

ನುರಿಸ್, ಬಾಟಲಿಯ ಮೇಲೆ ಚೀಟಿ ಇತ್ತು. ಕೆಂಪು ಗೂಳಿಯ ತಲೆಯ ಚಿತ್ರ. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮೂರು ವರ್ಷದ ಹಿಂದೆ ಫೆರ್ಮಿನ್ ಕೈ ಕುಯ್ದುಕೊಂಡಿದ್ದಾಗ ನಿಮ್ಮ ಕುಂಟ ಹೋರಿಗೆ ಅದೇ ಔಷಧಿ ಚುಚ್ಚಿದವಳು ನಾನು. "ಕೊಮಾದ್ರೆ ಹೋರಿಗೂ ಆಶೀರ್ವಾದ ಮಾಡಿ ಚುಚ್ಚಿದ್ರು" ಎಂದು ನೀವೆಲ್ಲ ನಕ್ಕಿದ್ದಿರಿ. ಓದದೆ ಚುಚ್ಚಬೇಡ ಎನ್ನುವುದು ಸಿಸ್ಟರ್ ಹೇಳಿಕೊಟ್ಟ ಮೊದಲ ಪಾಠ. ಓದಿಯೇ ಚುಚ್ಚಿದೆ. ಹುಡುಗನ ಕಣ್ಣಿಗೆ ಬೀಳಬಾರದೆಂದು ಚೀಟಿಯನ್ನು ಉಗುರಿನಿಂದ ಕಿತ್ತೆ. ರಾದಾಮೆಸ್‌ನ ಬಲವಂತ ಏನಿರಲಿಲ್ಲ. ಆ ಎರಡು ಮೈಲಿ ನನಗೂ ಬೇಕಾಗಿತ್ತು. ನಾನು ತಂದು ಬಿಟ್ಟ ಹುಡುಗ ಸೋತು ಊರಿಗೆ ಹೋಗುವುದನ್ನು ನೋಡಲಾರದೆ ಹೋದೆ.

ಚೀಟಿ ಎಸೆಯಲಿಲ್ಲ. ಯಾಕೆ ಎಂದು ನನಗೇ ಗೊತ್ತಿಲ್ಲ. ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟಿದ್ದೆ. ಅದರ ಮೂಲೆಯಲ್ಲಿ ಇಲ್ಲಿನ ದನದ ಔಷಧಿ ಅಂಗಡಿಯ ಮೊಹರು, ಅಕ್ಟೋಬರಿನ ತಾರೀಖು ಎರಡೂ ಇವೆ. ಅದು ನಿಮ್ಮ ಕಪಾಟಿನದಲ್ಲ ಎನ್ನಲು ಅಷ್ಟು ಸಾಕು. ನನಗೆ ಗೊತ್ತಿತ್ತು ಎನ್ನಲೂ ಅಷ್ಟೇ ಸಾಕು. ನಾಳೆ ಕಚೇರಿಗೆ ಒಯ್ದು ಕೊಡುತ್ತೇನೆ, ರುಜು ಹಾಕಿ ಕೊಟ್ಟ ಮಾತು ಸುಳ್ಳು ಎಂದೂ ಹೇಳುತ್ತೇನೆ. ಫೆರ್ಮಿನ್ ಬಂದರೆ ಅವನ ಎದುರಿಗೇ ಹೇಳುತ್ತೇನೆ.

ವಿಲ್ಕಿನ್‌ಗೆ ಇದಾವುದೂ ಇನ್ನೂ ಗೊತ್ತಿಲ್ಲ. ಈಗ ಎದ್ದು ಬಂದು ಬಾಗಿಲಲ್ಲಿ ನಿಂತು "ಆಶೀರ್ವಾದ, ಮದ್ರಿನಾ" ಎನ್ನುತ್ತಿದ್ದಾನೆ. ಪೆನ್ನು ಕೆಳಗಿಡುತ್ತೇನೆ. ಆಶೀರ್ವಾದ ಮಾಡುವ ಮೊದಲು ಅವನನ್ನು ಕೂರಿಸಿ ಹೇಳಬೇಕು.