ಬಚ್ಚಲೊಲೆ ಉರಿಯುವಾಗ ಫ್ಯಾನ್ ಬೇಡ

ತೇಜಸ,

ಕುಂತೂರಿನಿಂದ ಪಾಳಿ ಮುಗಿಸಿ ಬಂದ ಕೂಡಲೇ ಇದನ್ನು ಓದು. ಅವ್ವ ಮಲಗಿದ್ದಾಳೆ, ಎಬ್ಬಿಸಬೇಡ. ಈಗ ಚೆನ್ನಾಗಿದ್ದಾಳೆ. ನಾನು ಸೀರೆ ಕೊಡಲು ಯಳಂದೂರಿಗೆ ಹೋಗಿ ಮಧ್ಯಾಹ್ನ ಬರುತ್ತೇನೆ.

ಅಡುಗೆಮನೆಗೆ ನೀನು ಹಾಕಿದ ಎಕ್ಸಾಸ್ಟ್ ಫ್ಯಾನ್ ಚೆನ್ನಾಗಿ ಎಳೆಯುತ್ತದೆ. ತೊಂದರೆಯೇ ಅದು. ನಿನ್ನೆ ನೀನು ಮಗ್ಗಕ್ಕೆ ಧೂಳು ಬೀಳುತ್ತದೆಂದು ಕಿಟಕಿ ಬಾಗಿಲೆಲ್ಲ ಮುಚ್ಚಿ, ಫ್ಯಾನ್ ಹಾಕಿ ಹೋದೆ. ಗಾಳಿಗೆ ಒಳಬರಲು ಬೇರೆ ದಾರಿಯಿಲ್ಲದೆ ಬಚ್ಚಲೊಲೆಯ ಹೊಗೆಗೂಡಿನಿಂದ ಇಳಿಯಿತು. ಹೊಗೆಯೂ ಅದರ ಜೊತೆಗೇ ಬಂತು. ನಾನು ನೂಲು ತಂದಾಗ ಅವ್ವ ಹಂಡೆ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಕರೆದರೆ ಮಾತಿಲ್ಲ. ಜಗುಲಿಗೆ ಎಳೆದು ತಂದ ಮೇಲೆ ಕಣ್ಣು ಬಿಟ್ಟಳು. ನಿನಗೆ ಫೋನ್ ಮಾಡಬೇಡ ಅಂದವಳೂ ಅವಳೇ.

ಸ್ನಾನಕ್ಕೆ ಒಲೆ ಹಚ್ಚಿದರೆ ಫ್ಯಾನ್ ಮುಟ್ಟಬೇಡ. ಹಿತ್ತಲ ಬಾಗಿಲು ತೆಗೆದಿಡು. ಧೂಳಿಗೆ ಮಗ್ಗದ ಮೇಲೊಂದು ಪಂಚೆ ಹೊದಿಸು, ಸಾಕು.

ಹತ್ತಕ್ಕೆ ಮುದ್ದಯ್ಯ ಮೇಸ್ತ್ರಿ ಬರುತ್ತಾರೆ. ಹೊಗೆಗೂಡು ಎತ್ತರಿಸಿ, ಅಡುಗೆಮನೆ ಗೋಡೆಗೆ ಗಾಳಿ ಬರಲು ಒಂದು ಕಿಂಡಿ ಇಡುತ್ತಾರೆ. ಅವರಿಗೆ ಪಾಠ ಹೇಳಬೇಡ, ಟೀ ಕೊಡು.

ನಿನ್ನೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಕೇಳಿದ್ದಕ್ಕೆ ಅವ್ವ, "ಒಂದೊತ್ತು ಇದ್ದೆ ಸಾ, ಅದ್ಕೇ ತಲೆ ಸುತ್ತು" ಅಂದಳು. ಹೊಗೆ ಅಂದರೆ ನಿನ್ನ ಹೆಸರು ಬರುತ್ತದಲ್ಲ. ಹೊಗೆಯ ವಿಷಯ ನಾನೇ ಹೇಳಿದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ಮುಖ ತಿರುಗಿಸಿಕೊಂಡಿದ್ದಳು. ಮನೆ ಹತ್ತಿರ ಬಂದಾಗ ಮಾತ್ರ, "ಮಗ ಆಸೆಪಟ್ಟು ಆಕವ್ನೆ, ಕೀಳ್ಬ್ಯಾಡ" ಅಂದಳು.

ಅದಕ್ಕೇ ಫ್ಯಾನ್ ಇನ್ನೂ ಗೋಡೆಯಲ್ಲಿದೆ.

ರೋಜಕ್ಕ